ಸಸಿ ತೋಪಿಗೆ ಕಳೆ ಗುತ್ತಿಗೆ: ಎಕರೆ ಲೆಕ್ಕ ಬೇಡ, ಗಿಡದ ಲೆಕ್ಕ ಹಿಡಿಯಿರಿ

ನಾಗಮಂಗಲ ಕಡೆ ಸಸಿ ತೋಪುಗಳಿಗೆ ಕಳೆ ತೆಗೆದುಕೊಡುವ ಒಂದು ತಂಡವಿದೆ. ಬೋರ್ಡಿಲ್ಲ, ಆಫೀಸಿಲ್ಲ. ಒಬ್ಬ ಮೇಸ್ತ್ರಿ, ಹುಲ್ಲು ಹೊಡೆಯುವ ಮಷೀನ್ ಹಿಡಿಯುವ ಇಬ್ಬರು ಹುಡುಗರು, ಗುದ್ದಲಿ ಹಿಡಿಯುವ ಏಳೆಂಟು ಹೆಂಗಸರು, ಒಂದು ಲಗೇಜ್ ಆಟೋ. ಅಷ್ಟೇ ತಂಡ. ಸುತ್ತಮುತ್ತಲಿನ ನರ್ಸರಿಗಳಲ್ಲಿ ಕೇಳಿದರೆ ಫೋನ್ ನಂಬರ್ ಸಿಗುತ್ತದೆ. ಕಳೆದ ವರ್ಷ ನಮ್ಮ ಎರಡು ಎಕರೆ ತೋಪನ್ನು ಇವರಿಗೆ ವರ್ಷದ ಗುತ್ತಿಗೆಗೆ ಕೊಟ್ಟಿದ್ದೆ. 5ಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಹೆಂಗಸರ ಕೆಲಸಕ್ಕೆ ನಾಲ್ಕೂವರೆ, ಮಷೀನ್ ಕೆಲಸಕ್ಕೆ ಎರಡೂವರೆ. ಸರಾಸರಿ ಹಾಕಿದರೆ ಅಷ್ಟೇ ಬರುವುದು.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಿಯಾದವಳು. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಜಮೀನು ಯಜಮಾನರ ಊರಿನದು. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ದಾಟಿ ಹೋಗಬೇಕು. ಪಾಂಡವಪುರದವರೆಗೆ ರಸ್ತೆಯ ಎರಡೂ ಕಡೆ ಕಬ್ಬು, ಭತ್ತ, ಹಸಿರೋ ಹಸಿರು. ಜಕ್ಕನಹಳ್ಳಿ ದಾಟಿದ ಮೇಲೆ ಕಾಲುವೆ ನೀರಿನ ಸುಖ ಮುಗಿಯಿತು. ನಮ್ಮದು ಕೆಂಪು ಮಣ್ಣಿನ ಖುಷ್ಕಿ. ಹಿಂದೆ ರಾಗಿ, ಹುರುಳಿ ಬೆಳೆಯುತ್ತಿದ್ದರು. ಮಾಡುವವರಿಲ್ಲದೆ ಬೀಡು ಬಿದ್ದಿತ್ತು. ಈಗ ಒಂದು ಎಕರೆಯಲ್ಲಿ ತೇಗ ಮತ್ತು ಹೆಬ್ಬೇವು, ಇನ್ನೊಂದರಲ್ಲಿ ಶ್ರೀಗಂಧ, ಬದುವಿನ ಮೇಲೆ ಹೊನ್ನೆ ಮತ್ತು ಹುಣಸೆ. ಸಸಿಗಳಿಗೆ ಈಗ ಎರಡನೇ ವರ್ಷ.

ಸಸಿ ನೆಡುವವರಿಗೆಲ್ಲ ನೆಡುವ ಉತ್ಸಾಹ ಇರುತ್ತದೆ. ಗುಣಿ ತೆಗೆಸುತ್ತಾರೆ, ಗೊಬ್ಬರ ಹಾಕಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಎರಡು ತಿಂಗಳ ಮಳೆ ಬಿದ್ದ ಮೇಲೆ ಹೋಗಿ ನೋಡಿದರೆ ಸಸಿ ಎಲ್ಲಿದೆ ಅಂತ ಹುಡುಕಬೇಕು. ಆಮೇಲೆ ಆಳು ಸಿಗುವುದಿಲ್ಲ, ಸಿಕ್ಕರೂ ರಾಗಿ ಹೊಲ ಬಿಟ್ಟು ಬರುವುದಿಲ್ಲ. ಅದಕ್ಕೇ ಗುತ್ತಿಗೆ.

ತಂಡಕ್ಕೆ ಎರಡು ರೇಟು. ಮೊದಲನೆಯದು ಎಕರೆ ಲೆಕ್ಕ. ಹುಡುಗರು ಮಷೀನ್ ಹಿಡಿದು ಇಡೀ ಜಮೀನಿನ ಹುಲ್ಲು, ಗಿಡಗಂಟಿ ಹೊಡೆದುಹಾಕುತ್ತಾರೆ. ನಮಗೆ ಒಂದು ಸರದಿಗೆ ಎಕರೆಗೆ 3,000 ರೂಪಾಯಿ ಹೇಳಿದರು. ಎರಡನೆಯದು ಗಿಡದ ಲೆಕ್ಕ. ಹೆಂಗಸರು ಪ್ರತಿ ಸಸಿಯ ಸುತ್ತ ಒಂದು ಮೀಟರ್ ಅಗಲದ ಪಾತಿಯಲ್ಲಿ ಕಳೆಯನ್ನು ಬೇರು ಸಮೇತ ತೆಗೆದು, ಮೇಲೆ ಒಣ ತರಗಿನ ಮುಚ್ಚಿಗೆ ಹಾಸುತ್ತಾರೆ. ಗಿಡಕ್ಕೆ 12 ರೂಪಾಯಿ. ಹಾಸುವ ಸಾಮಾನು ನಮ್ಮದೇ.

ನಮ್ಮದು 10 ಅಡಿಗೆ 10 ಅಡಿ ಅಂತರ. ಎಕರೆಗೆ 435 ಸಸಿ. 12 ರೂಪಾಯಿಯಂತೆ 5,220 ಆಯಿತು. ಮಷೀನ್ ಕೆಲಸಕ್ಕಿಂತ ಹತ್ತಿರ ಹತ್ತಿರ ಮುಕ್ಕಾಲು ಪಟ್ಟು ಜಾಸ್ತಿ. ನಮ್ಮ ಮೈದುನನಿಗೆ ಇದು ಸುತಾರಾಂ ಒಪ್ಪಿಗೆಯಾಗಲಿಲ್ಲ. "ಅತ್ತಿಗೆ, ಜಾಸ್ತಿ ದುಡ್ ಕೊಟ್ಟು ಅರ್ಧಂಬರ್ಧ ಕೆಲ್ಸ ಮಾಡಿಸ್ಕತಾವ್ರೆ ಅಂತ ಊರೋರು ನಗ್ತಾರೆ" ಎಂದ. ಅವನ ಮಾತಿಗೂ ಒಂದು ಅರ್ಥವಿದೆ. ಒಂದು ಮೀಟರ್ ಅಗಲದ 435 ಪಾತಿಗಳನ್ನು ಕೂಡಿದರೆ ಎಕರೆಯ ಹತ್ತರಲ್ಲಿ ಒಂದು ಭಾಗವೂ ಆಗುವುದಿಲ್ಲ. ಮಿಕ್ಕ ಒಂಬತ್ತು ಭಾಗದಲ್ಲಿ ಹುಲ್ಲು ಮೊಣಕಾಲುದ್ದ ಹಾಗೇ ನಿಂತಿರುತ್ತದೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಅದು ಪಾಳು ಜಮೀನೇ.

ಜಗಳ ಬೇಡ ಅಂತ ತೇಗದ ಎಕರೆಯ ನಡುವೆ ದಾರ ಕಟ್ಟಿಸಿದೆ. ಮೇಲಿನ ಅರ್ಧ ಗಿಡದ ಲೆಕ್ಕ, ಕೆಳಗಿನ ಅರ್ಧ ಎಕರೆ ಲೆಕ್ಕ. ಒಂದೇ ಮಣ್ಣು, ಒಂದೇ ನರ್ಸರಿಯ ಸಸಿ, ಒಂದೇ ಮಳೆ. ಶ್ರೀಗಂಧದ ಎಕರೆ ಪೂರ್ತಿ ಗಿಡದ ಲೆಕ್ಕಕ್ಕೆ.

ಮೊದಲ ಸರದಿ ಆರಿದ್ರ ಮಳೆ ಹೊತ್ತಿಗೆ ಆಯಿತು. ಮಷೀನ್ ಹೊಡೆದ ಅರ್ಧ ನೋಡಲು ಎಷ್ಟು ಚೆನ್ನಾಗಿತ್ತು ಅಂದರೆ ಮೈದುನ ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡ. ಸಸಿಗಳು ಸಾಲಾಗಿ ಎದ್ದು ಕಾಣುತ್ತಿದ್ದವು. ನಾಲ್ಕು ವಾರ ಕಳೆದು ಹೋದರೆ ಗರಿಕೆ ಮತ್ತೆ ಪಾದ ಮುಚ್ಚುವಷ್ಟು ಬಂದಿತ್ತು, ಮೊದಲಿಗಿಂತ ಒತ್ತಾಗಿ. ಸಲೂನಿನಲ್ಲಿ ಕೂದಲು ಕತ್ತರಿಸಿಕೊಂಡ ಹಾಗೆ ಅದು. ಬುಡ ಅಲ್ಲೇ ಇದೆ. ಗುದ್ದಲಿ ಹಿಡಿದಿದ್ದ ಅಜ್ಜಿಯೊಬ್ಬರು ಮೊದಲೇ ಹೇಳಿದ್ದರು: "ಇದು ಗರ್ಕೆ ಕನವ್ವ. ಮೇಲ್ ಕುಯ್ದಷ್ಟೂ ಕೆಳೀಕ್ ಹಬ್ತದೆ."

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕಳೆ ಸಸಿಗೆ ಮಾಡುವ ಕೇಡು ಅಂದರೆ ನೆರಳು ಮಾಡುವುದು ಅಂತ ನಾವೆಲ್ಲ ತಿಳಿದಿರುತ್ತೇವೆ. ಮಲೆನಾಡಿನಲ್ಲಿ ಅದೇ ದೊಡ್ಡ ತೊಂದರೆ ಇರಬಹುದು. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಮಂಡ್ಯ ಸೀಮೆಯಲ್ಲಿ ನಿಜವಾದ ಜಗಳ ನಡೆಯುವುದು ಮಣ್ಣಿನ ಒಳಗೆ, ನೀರಿಗೆ. ಹುಲ್ಲಿನ ಬೇರು ಹೆಚ್ಚಾಗಿ ಇರುವುದು ಮೇಲಿನ ಒಂದಡಿ ಮಣ್ಣಿನಲ್ಲಿ. ಹೊಸದಾಗಿ ನೆಟ್ಟ ಸಸಿಯ ಬೇರು ಇರುವುದೂ ಅಲ್ಲೇ. ಹದ ಮಳೆ ಬಿದ್ದರೆ ಹುಲ್ಲು ಮೊದಲು ಕುಡಿಯುತ್ತದೆ, ಉಳಿದದ್ದು ಸಸಿಗೆ. ಹುಲ್ಲನ್ನು ಮೇಲೆ ಕತ್ತರಿಸಿದರೆ ಅದು ಸಾಯುವುದಿಲ್ಲ. ಹೊಸ ಚಿಗುರು ಹೊರಡಿಸಲು ಅದೇ ನೀರು, ಅದೇ ಗೊಬ್ಬರ ಎಳೆಯುತ್ತದೆ. ಹಾಗಾಗಿ ಮಷೀನ್ ಹೊಡೆದ ಜಮೀನಿನಲ್ಲಿ ಸಸಿಗೆ ಬೆಳಕು ಸಿಕ್ಕಿತೇ ಹೊರತು ನೀರು ಸಿಗಲಿಲ್ಲ. ತೇಗಕ್ಕಂತೂ ಹುಲ್ಲಿನ ಬೇರಿನ ಜೊತೆ ಪೈಪೋಟಿ ಸುತಾರಾಂ ಆಗದು. ಕಾಡಿನಲ್ಲಿ ತೇಗ ಬೆಳೆಸುವವರು ಮೊದಲ ಎರಡು ಮೂರು ವರ್ಷ ಕಳೆಗೇ ಅಷ್ಟು ಒದ್ದಾಡುವುದು ಇದಕ್ಕೇ.

ಇನ್ನೊಂದು ವಿಷಯ. ಕಳೆಯ ಕಾಟ ಮೊದಲು ಕಾಣುವುದು ಸಸಿಯ ಎತ್ತರದಲ್ಲಿ ಅಲ್ಲ, ಕಾಂಡದ ದಪ್ಪದಲ್ಲಿ. ಎತ್ತರ ನೋಡಿ "ಬೆಳೆದಿದೆಯಲ್ಲ" ಅಂದುಕೊಂಡರೆ ಸಸಿ ಸಣಕಲಾಗಿ ನಿಂತಿರುತ್ತದೆ, ಗಾಳಿಗೆ ಬಾಗುತ್ತದೆ. ನಾನು ಹೋದಾಗಲೆಲ್ಲ ಟೈಲರ್ ಟೇಪ್ ಹಿಡಿದು ಬುಡದ ಸುತ್ತಳತೆ ಬರೆದುಕೊಳ್ಳುತ್ತಿದ್ದೆ. ಮೊದಲ ದೀಪಾವಳಿ ಹೊತ್ತಿಗೆ ಎತ್ತರದಲ್ಲಿ ಎರಡೂ ಅರ್ಧಗಳಿಗೆ ಅಂಥ ವ್ಯತ್ಯಾಸ ಇರಲಿಲ್ಲ. ಬುಡದಲ್ಲಿ ಇತ್ತು. ಪಾತಿ ಮಾಡಿದ ಕಡೆ ಕಾಂಡ ಹಿಡಿದರೆ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು. ಬೇಸಿಗೆ ಬಂದ ಮೇಲೆ ಟೇಪೇ ಬೇಕಾಗಲಿಲ್ಲ. ಕೆಳಗಿನ ಅರ್ಧದಲ್ಲಿ ತೇಗ ಬೇಗ ಎಲೆ ಉದುರಿಸಿಕೊಂಡು ನಿಂತಿತು, ಮೇಲಿನ ಅರ್ಧದಲ್ಲಿ ಇನ್ನೂ ಹಸಿರಿತ್ತು. ಮೈದುನ ಏನೂ ಹೇಳಲಿಲ್ಲ. ಸ್ಟೇಟಸ್ಸೂ ಹಾಕಲಿಲ್ಲ.

ಈಗ ಹೆಂಗಸರ ಕೆಲಸದ ಬಗ್ಗೆ. ಇದನ್ನು ಹೊಗಳದೆ ಇರಲು ಆಗುವುದಿಲ್ಲ. ಸಸಿಯ ಬುಡದ ಹತ್ತಿರ ಗುದ್ದಲಿ ಹಾಕುವುದಿಲ್ಲ. ಅಲ್ಲಿ ಕುಡುಗೋಲಿನ ತುದಿಯಿಂದ ಕೆದಕಿ ಕೈಯಲ್ಲೇ ಕೀಳುತ್ತಾರೆ. ಒಂದು ಗೇಣು ಆಚೆಗೆ ಬಂದ ಮೇಲೆ ಗುದ್ದಲಿ, ಅದೂ ಮೇಲೆ ಮೇಲೆ. ಆಳಕ್ಕೆ ಅಗೆದರೆ ಸಸಿಯ ಎಳೆ ಬೇರೇ ತುಂಡಾಗುತ್ತದೆ ಅನ್ನುವುದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಿತ್ತ ಗರಿಕೆಯನ್ನು ಪಾತಿಯಲ್ಲೇ ಬಿಡುವುದಿಲ್ಲ, ಬುಟ್ಟಿಗೆ ಹಾಕಿ ಬದುವಿನ ಮೇಲೆ ಒಣಗಲು ಎಸೆಯುತ್ತಾರೆ. ಒಂದು ಗೆಣ್ಣು ಉಳಿದರೂ ಮತ್ತೆ ಹಿಡಿದುಕೊಳ್ಳುತ್ತದಲ್ಲ. ಕಾಂಗ್ರೆಸ್ ಗಿಡವನ್ನು ಮಾತ್ರ ಹೂ ಬರುವ ಮೊದಲಾದರೆ ಅಲ್ಲೇ ಮುಚ್ಚಿಗೆಗೆ ಹಾಕುತ್ತಾರೆ, ಹೂ ಬಂದಿದ್ದರೆ ದೂರಕ್ಕೆ ಒಯ್ಯುತ್ತಾರೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ, ಆ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು. ಕೈಗೆ ಹಳೆ ಸೀರೆ ಸುತ್ತಿಕೊಂಡು ಕೀಳುತ್ತಿದ್ದರು. ಕಾಂಗ್ರೆಸ್ ಗಿಡ ಕೆಲವರಿಗೆ ಮೈಯೆಲ್ಲ ತುರಿಕೆ ತರುತ್ತದೆ. ನಾನು ರಬ್ಬರ್ ಗ್ಲೌಸ್ ತಂದುಕೊಟ್ಟೆ. ಬೆವರುತ್ತದೆ ಅಂತ ಅರ್ಧ ಜನ ಹಾಕಲಿಲ್ಲ. ಮೇಸ್ತ್ರಿ ತಾನೇ ಕೊಡಬೇಕಾಗಿದ್ದ ಸಾಮಾನು ಅದು, ಅದಕ್ಕೆ ಅರ್ಧ ಸ್ಟಾರ್ ಕಳೆದಿದ್ದೇನೆ.

ಅವರು ಮಾಡಿದ ಇನ್ನೊಂದು ಕೆಲಸ ನನಗೆ ತುಂಬಾ ಇಷ್ಟವಾಯಿತು. ಬದುವಿನ ಹತ್ತಿರ ತಾನಾಗೇ ಹುಟ್ಟಿದ್ದ ಬೇವು, ಹೊಂಗೆ, ಒಂದು ನೇರಳೆ ಸಸಿ, ಇವನ್ನು ಕೀಳದೆ ಪಕ್ಕದಲ್ಲಿ ಕೋಲು ನೆಟ್ಟು ಬಿಟ್ಟಿದ್ದರು. "ಇದ್ಯಾಕ್ ಕೀಳ್ಬೇಕು ಕನಕ್ಕ, ದುಡ್ಡಿಲ್ದೆ ಬಂದದೆ" ಅಂದಳು ಒಬ್ಬಳು. ಮಷೀನ್ ಹುಡುಗರ ಕೈಗೆ ಸಿಕ್ಕಿದ್ದರೆ ಅವೂ ಹುಲ್ಲಿನ ಜೊತೆ ಹೋಗುತ್ತಿದ್ದವು.

ಕೊನ್ನಾರಿ ಮಾತ್ರ ಇವರ ಕೈಗೂ ಬಗ್ಗಲಿಲ್ಲ. ಅದರ ಗೆಡ್ಡೆಗಳು ಮಣ್ಣಿನೊಳಗೆ ಸರದ ಹಾಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಒಂದು ಕಿತ್ತರೆ ಇನ್ನೊಂದು ಚಿಗುರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೂ ಚುಚ್ಚಿಕೊಂಡು ಮೇಲೆ ಬರುವ ಜಾತಿ. ಇದಕ್ಕೆ ತಂಡವನ್ನು ದೂರುವುದಿಲ್ಲ. ಕೊನ್ನಾರಿಗೂ ಗರಿಕೆಗೂ ನೆರಳು ಆಗುವುದಿಲ್ಲ. ಮರಗಳ ತಲೆ ಒಂದಕ್ಕೊಂದು ತಾಗಿ ನೆರಳು ಕಟ್ಟಿಕೊಂಡರೆ ತಾವಾಗೇ ಸೊರಗುತ್ತವೆ. ಅಲ್ಲಿಯವರೆಗೆ ಸಸಿಯ ಬುಡದಲ್ಲಿ ಚಿಗುರು ಕೀಳುತ್ತಾ ಇರಬೇಕು, ಅಷ್ಟೇ.

ಮುಚ್ಚಿಗೆಗೆ ನಾನು ಕಬ್ಬಿನ ತರಗು ತರಿಸಿದೆ. ಪಾಂಡವಪುರ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲೇ ಬೆಂಕಿ ಹಾಕುವವರು ಇನ್ನೂ ಇದ್ದಾರೆ. ಅಂಥವರೊಬ್ಬರನ್ನು ಕೇಳಿದರೆ "ತಗೊಂಡೋಗಿ ಅಕ್ಕಾ, ನಂಗೂ ಕೆಲ್ಸ ಕಮ್ಮಿ" ಎಂದರು. ಕೊಟ್ಟದ್ದು ಟ್ರ್ಯಾಕ್ಟರ್ ಬಾಡಿಗೆ ಮಾತ್ರ. ಕಬ್ಬು ಸಿಗದ ಕಡೆ ತೆಂಗಿನ ಮಟ್ಟೆ, ಗರಿ ಆಗುತ್ತದೆ. ತೆಂಗಿನ ನಾರಿನ ರೌಂಡ್ ಮ್ಯಾಟ್ ಅಂತ ಅಂಗಡಿಯಲ್ಲಿ ಬರುತ್ತದೆ, ಮನೆಯ ಮುಂದಿನ ನಾಲ್ಕು ಗಿಡಕ್ಕೆ ಸರಿ, ತೋಪಿಗೆ ದುಬಾರಿ. ತರಗನ್ನು ನಾಲ್ಕು ಬೆರಳು ದಪ್ಪಕ್ಕೆ ಹಾಸಿದರೆ ಹೊಸ ಕಳೆಯ ಬೀಜಕ್ಕೆ ಬೆಳಕು ಸಿಗುವುದಿಲ್ಲ, ಮಣ್ಣಿನ ತೇವ ಬೇಗ ಆರುವುದಿಲ್ಲ. ಕಾಂಡಕ್ಕೆ ತಾಗಿಸಬಾರದು, ಒಂದು ಗೇಣು ಬಿಡಬೇಕು. ತಾಗಿದರೆ ಮಳೆಯಲ್ಲಿ ಬುಡ ಕೊಳೆಯುತ್ತದೆ, ಬೇಸಿಗೆಯಲ್ಲಿ ಗೆದ್ದಲು ತರಗು ತಿನ್ನುತ್ತಾ ತಿನ್ನುತ್ತಾ ಕಾಂಡಕ್ಕೂ ಬರುತ್ತದೆ. ಮೊದಲ ಸರದಿಯಲ್ಲಿ ಇದನ್ನು ಸರಿಯಾಗಿ ಮಾಡಿದರು. ಎರಡನೇ ಸರದಿಯಲ್ಲಿ ಹೊಸಬರು ಇಬ್ಬರು ಬಂದಿದ್ದರು, ಅವರ ಸಾಲಿನಲ್ಲಿ ತರಗನ್ನು ಬುಡಕ್ಕೆ ಒತ್ತಿ ಗುಡ್ಡೆ ಹಾಕಿದ್ದರು. ಮೇಸ್ತ್ರಿಗೆ ತೋರಿಸಿದೆ. ತಕ್ಷಣ ಬಿಡಿಸಿ ಕೊಟ್ಟ, ಎದುರು ಮಾತಾಡಲಿಲ್ಲ.

ಮಷೀನ್ ಕೆಲಸದ ದೂರು ಇದಕ್ಕಿಂತ ದೊಡ್ಡದು. ಅವರ ಹತ್ತಿರ ಇರುವುದು 35 ಸಿಸಿಯ ಫೋರ್ ಸ್ಟ್ರೋಕ್ ಬ್ರಷ್ ಕಟರ್. ಒಳ್ಳೆ ಮಷೀನೇ. ಪೆಟ್ರೋಲಿಗೆ ಆಯಿಲ್ ಬೆರೆಸುವ ಗೋಜಿಲ್ಲ, ಹೊಗೆ ಕಮ್ಮಿ. ನೈಲಾನ್ ದಾರ, ಮೂರು ಹಲ್ಲಿನ ಬ್ಲೇಡ್, ಗರಗಸದ ಬ್ಲೇಡ್, ಮೂರನ್ನೂ ಇಟ್ಟುಕೊಂಡಿದ್ದಾರೆ. ತೊಂದರೆ ಇರುವುದು ಹಿಡಿಯುವ ಕೈಯಲ್ಲಿ. ನೈಲಾನ್ ದಾರ ಮೆತ್ತಗೆ ಕಾಣುತ್ತದೆ, ಹಾಗಾಗಿ ಹುಡುಗರು ಸಸಿಯ ಬುಡದವರೆಗೂ ತಂದುಬಿಡುತ್ತಾರೆ. ಆ ವೇಗದಲ್ಲಿ ಅದು ಎಳೆ ತೊಗಟೆಯನ್ನು ಸುಲಿದು ಹಾಕುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಸುಲಿದರೆ ಬೇರು ಉಪವಾಸ ಬೀಳುತ್ತದೆ. ಸಸಿ ತಕ್ಷಣ ಸಾಯುವುದಿಲ್ಲ, ಅದಕ್ಕೇ ಯಾರ ಕೈವಾಡ ಅಂತ ಗೊತ್ತಾಗುವುದೂ ಇಲ್ಲ. ವಾರಗಳಾದ ಮೇಲೆ ಎಲೆ ಹಳದಿಯಾದಾಗ ಬಗ್ಗಿ ನೋಡಿದರೆ ಬುಡದಲ್ಲಿ ಉಂಗುರದ ಗಾಯ. ಕೆಳಗಿನ ಅರ್ಧದಲ್ಲಿ ಇಂಥವು ಹಲವು ಸಿಕ್ಕಿದವು. ತೇಗವಾದ್ದರಿಂದ ಬುಡದಿಂದ ಮತ್ತೆ ಚಿಗುರಿದವು. ಆದರೆ ಒಂದು ವರ್ಷದ ಬೆಳವಣಿಗೆ ಹೋಯಿತಲ್ಲ.

ಮೇಸ್ತ್ರಿಯ ಉತ್ತರ: "ಮೇಡಂ, ಎಕರೆ ಲೆಕ್ಕದಲ್ಲಿ ಒಂದೊಂದ್ ಗಿಡ ನೋಡ್ಕಂಡು ಹೊಡೆದ್ರೆ ಪೆಟ್ರೋಲ್ ಕಾಸೂ ಗಿಟ್ಟಕಿಲ್ಲ." ಮನುಷ್ಯ ಸುಳ್ಳು ಹೇಳಲಿಲ್ಲ. ಎಕರೆ ಲೆಕ್ಕ ಅಂದರೇನೇ ಬೇಗ ಮುಗಿಸಿದಷ್ಟೂ ಲಾಭ. ಗಿಡದ ಲೆಕ್ಕದಲ್ಲಿ ಸತ್ತ ಗಿಡಕ್ಕೆ ದುಡ್ಡಿಲ್ಲ, ಹಾಗಾಗಿ ಅವರಿಗೂ ಗಿಡ ಉಳಿಯಬೇಕು. ನಮಗಂತೂ ಉಳಿಯಲೇಬೇಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷಕ್ಕೆ ಸೇರಿ ಕೊಡುವುದು 125 ರೂಪಾಯಿ. ನೆಟ್ಟದ್ದಕ್ಕೆ ಅಲ್ಲ, ಉಳಿದದ್ದಕ್ಕೆ. ಇಲಾಖೆಯೇ ಗಿಡದ ಲೆಕ್ಕ ಇಟ್ಟಿರುವಾಗ ನಾವೇಕೆ ಎಕರೆ ಲೆಕ್ಕ ಇಡಬೇಕು?

ಮಷೀನ್ ಬೇಕೇ ಬೇಕು ಅನ್ನುವವರು ಒಂದು ಕೆಲಸ ಮಾಡಿ. ಹಳೆ ಪಿವಿಸಿ ಪೈಪನ್ನು ಗೇಣುದ್ದ ಕುಯ್ದು, ಉದ್ದಕ್ಕೆ ಸೀಳಿ, ಪ್ರತಿ ಸಸಿಯ ಬುಡಕ್ಕೆ ತೊಡಿಸಿ. ಅಥವಾ ಮೊದಲು ಹೆಂಗಸರಿಂದ ಪಾತಿ ಮಾಡಿಸಿ, ಆಮೇಲೆ ಸಾಲುಗಳ ನಡುವೆ ಮಾತ್ರ ಮಷೀನ್ ಬಿಡಿ. ಪಾತಿಯ ಅಂಚೇ ಗಡಿ.

ಶ್ರೀಗಂಧದ ಎಕರೆಯಲ್ಲಿ ನಡೆದದ್ದು ಬೇರೆಯೇ ಕಥೆ. ಅಲ್ಲಿ ಪಕ್ಕದಲ್ಲಿರುವ ಗಿಡವೆಲ್ಲ ಕಳೆಯಲ್ಲ. ಶ್ರೀಗಂಧ ಅರೆ ಪರಾವಲಂಬಿ. ತನ್ನ ಬೇರನ್ನು ಪಕ್ಕದ ಗಿಡದ ಬೇರಿಗೆ ಅಂಟಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ನರ್ಸರಿ ಚೀಲದಲ್ಲೇ ಹೊನಗೊನ್ನೆ ಸೊಪ್ಪನ್ನೋ ತೊಗರಿಯನ್ನೋ ಜೊತೆಗೆ ಬೆಳೆಸಿಕೊಡುವುದು ಇದಕ್ಕೆ. ನೆಟ್ಟ ಮೇಲೂ ಪಕ್ಕದಲ್ಲಿ ತೊಗರಿ ಬೇಕು, ಮುಂದಕ್ಕೆ ಸರ್ವೆ, ಹೊಂಗೆಯಂಥ ಬಹುಕಾಲದ ಜೊತೆಗಾರ ಬೇಕು. ನಾನು ಕೆಲಸ ಶುರುವಾಗುವ ಮೊದಲೇ ಮೇಸ್ತ್ರಿಗೆ ಹೇಳಿ, ತೊಗರಿ ಗಿಡಗಳಿಗೆಲ್ಲ ಕೆಂಪು ಬಟ್ಟೆ ಚೂರು ಕಟ್ಟಿಸಿದ್ದೆ. ಹೆಂಗಸರು ಒಂದನ್ನೂ ಮುಟ್ಟಲಿಲ್ಲ. ತೊಗರಿ ಗೊತ್ತಿಲ್ಲದವರು ಮಂಡ್ಯದಲ್ಲಿ ಯಾರಿದ್ದಾರೆ? ಸಾಲಿನ ನಡುವೆ ಓಡಾಡಲು ದಾರಿ ಮಾಡಿಕೊಡಿ ಅಂತ ಮಷೀನ್ ಹುಡುಗರನ್ನು ಒಳಗೆ ಬಿಟ್ಟ ದಿನ, ಒಂದು ಇಡೀ ಸಾಲಿನ ತೊಗರಿ ಕೆಂಪು ಬಟ್ಟೆ ಸಮೇತ ನೆಲಕ್ಕೆ ಬಿತ್ತು. ಕಿವಿಗೆ ಇಯರ್‌ಫೋನ್, ಕಣ್ಣು ಎಲ್ಲೋ. ಆ ಸಾಲಿನ ಶ್ರೀಗಂಧ ಬೇಸಿಗೆಯಲ್ಲಿ ಎಲೆ ಬಿಳಿಚಿಕೊಂಡು ನಿಂತಿತು, ಮಳೆಗಾಲಕ್ಕೆ ಮತ್ತೆ ತೊಗರಿ ಬಿತ್ತಿಸಬೇಕಾಯಿತು. ಬಿತ್ತನೆ ಖರ್ಚನ್ನು ಮೇಸ್ತ್ರಿ ಬಿಲ್ಲಿನಲ್ಲಿ ಕಳೆದುಕೊಂಡ, ಅದನ್ನೂ ಹೇಳಬೇಕು. 2001ರ ಕಾನೂನು ತಿದ್ದುಪಡಿಯಿಂದ ನಮ್ಮ ಜಮೀನಿನ ಶ್ರೀಗಂಧ ನಮ್ಮದೇ ಆಗಿದೆ ಅಂತ ಈಗ ಎಲ್ಲರೂ ನೆಡುತ್ತಿದ್ದಾರೆ. ಗಂಧದ ತೋಪಿಗೆ ಕಳೆ ಗುತ್ತಿಗೆ ಕೊಡುವವರು ಮಷೀನನ್ನು ಬೇಲಿಯ ಆಚೆಯೇ ಇಡಿಸಿ.

ದೊಡ್ಡ ಸಿಟ್ಟು ಬಂದದ್ದು ಮಾತ್ರ ಹೊತ್ತಿನ ವಿಷಯದಲ್ಲಿ. ಗುತ್ತಿಗೆಯಲ್ಲಿ ಮೂರು ಸರದಿ: ಆರಿದ್ರ ಹೊತ್ತಿಗೆ ಒಂದು, ಮಖೆ ಮಳೆ ಹೊತ್ತಿಗೆ ಒಂದು, ಚಿತ್ತೆ ಮಳೆ ಮುಗಿಯುವುದರೊಳಗೆ ಒಂದು. ಮೂರರಲ್ಲಿ ಒಂದನ್ನೇ ಆರಿಸಿಕೊ ಅಂದರೆ ನಾನು ಚಿತ್ತೆ ಮಳೆಯದನ್ನೇ ಆರಿಸುತ್ತೇನೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಾದ ಮೇಲೆ ಏಪ್ರಿಲ್‌ವರೆಗೂ ಹೇಳಿಕೊಳ್ಳುವಂಥ ಮಳೆ ಇಲ್ಲ. ಆ ಮಳೆಯ ತೇವವನ್ನು ಸಸಿಯ ಬುಡದಲ್ಲಿ ಹಿಡಿದಿಟ್ಟುಕೊಂಡರೆ ಸಸಿ ಬೇಸಿಗೆ ದಾಟುತ್ತದೆ. ಹುಲ್ಲಿಗೆ ಬಿಟ್ಟರೆ ಡಿಸೆಂಬರ್ ಹೊತ್ತಿಗೆ ಹುಲ್ಲು ಕುಡಿದು, ಬೀಜ ಉದುರಿಸಿ, ಒಣಗಿ ನಿಂತಿರುತ್ತದೆ. ಆಮೇಲೆ ಕಳೆ ತೆಗೆದರೆ ಸುಮ್ನೆ ದುಡ್ಡು ದಂಡ.

ಈ ತಂಡ ಮೂರನೇ ಸರದಿಗೆ ಬಂದದ್ದು ರಾಗಿ ಕುಯ್ಲು ಮುಗಿದ ಮೇಲೆ. ಫೋನ್ ಮಾಡಿದಾಗಲೆಲ್ಲ "ನಾಳಿದ್ದು ಬತ್ತೀವಿ ಮೇಡಂ". ದಸರಾ ಆಯಿತು, ದೀಪಾವಳಿ ಆಯಿತು, ನಾಳಿದ್ದು ಬರಲಿಲ್ಲ. ಹೆಂಗಸರಿಗೆ ಅವರವರ ರಾಗಿ ಹೊಲ ಇರುತ್ತದೆ, ಅದು ಬಿಟ್ಟು ಬನ್ನಿ ಅಂತ ನಾನೂ ಹೇಳಲಾರೆ. ಆದರೆ ಅದು ಮೇಸ್ತ್ರಿಗೆ ಜೂನ್ ತಿಂಗಳಲ್ಲೇ ಗೊತ್ತಿರುವ ವಿಷಯ ಅಲ್ವಾ? ಗೊತ್ತಿದ್ದೂ ಅಷ್ಟೊಂದು ತೋಪು ಒಪ್ಪಿಕೊಂಡದ್ದು ತಪ್ಪು. ಕೊನೆಗೆ ಶ್ರೀಗಂಧದ ಎಕರೆಗೆ ಊರಿನ ಇಬ್ಬರು ಅಜ್ಜಿಯರನ್ನು ಹಿಡಿದು ನಾವೇ ಪಾತಿ ಮಾಡಿಸಿಕೊಂಡೆವು.

ಬದುವಿನ ಲಂಟಾನದ ಕೆಲಸ ಅರೆಬರೆ. ಗರಗಸದ ಬ್ಲೇಡಿನಲ್ಲಿ ನೆಲಮಟ್ಟಕ್ಕೆ ಕತ್ತರಿಸಿ "ಕ್ಲೀನ್ ಆಯ್ತು" ಎಂದರು. ಲಂಟಾನ ಹಾಗೆ ಹೋಗುವ ಗಿಡವೇ ಅಲ್ಲ. 19ನೇ ಶತಮಾನದ ಶುರುವಿನಲ್ಲಿ ಚಂದದ ಹೂವಿಗೆ ಅಂತ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು, ಈಗ ಬಂಡೀಪುರ, ನಾಗರಹೊಳೆ ಕಾಡಿನೊಳಗೆ ಪ್ರಾಣಿ ತಿನ್ನುವ ಹುಲ್ಲಿಗೂ ಜಾಗ ಇಲ್ಲದ ಹಾಗೆ ಹಬ್ಬಿದೆ. ಕತ್ತರಿಸಿದ ಕಡೆಯಿಂದ ಒಂದಕ್ಕೆ ನಾಲ್ಕಾಗಿ ಚಿಗುರುತ್ತದೆ. ಪಿಕಾಸಿ ಹಾಕಿ, ಚಿಗುರು ಒಡೆಯುವ ಬುಡದ ಗಂಟಿನ ಕೆಳಗೆ ಬೇರನ್ನು ತುಂಡು ಮಾಡಿ, ಬೇರು ಮೇಲಾಗಿ ಮಗುಚಿ ಹಾಕಬೇಕು. ಮಣ್ಣು ಹಸಿಯಾಗಿದ್ದಾಗ ಸುಲಭ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಇದೇ ಲಂಟಾನದ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ನಮ್ಮ ಬದುವಿನದು ಕುರ್ಚಿಯಾಗುವಷ್ಟು ದಪ್ಪ ಇರಲಿಲ್ಲ, ಸೌದೆಗೆ ಹೋಯಿತು. ಬುಡ ತೆಗೆಯುವುದಕ್ಕೆ ಬೇರೆ ರೇಟು ಅಂದರು. ಮೊದಲೇ ಹೇಳಿದ್ದರೆ ಕೊಡುತ್ತಿದ್ದೆ, ಅರ್ಧ ಕೆಲಸ ಮುಗಿಸಿ ಹೇಳಿದ್ದು ಸರಿಯಲ್ಲ.

ಔಷಧಿ ಹೊಡೆಯುವ ಮಾತೂ ಬಂದಿತ್ತು. ಎಕರೆಗೆ ಇಷ್ಟು, ಒಂದೇ ದಿನದಲ್ಲಿ ಎಲ್ಲ ಒಣಗುತ್ತದೆ ಎಂದರು. ಗ್ಲೈಫೋಸೇಟ್ ಅನ್ನುವ ಕಳೆನಾಶಕ ಗರಿಕೆಯನ್ನು ಬೇರು ಸಮೇತ ಸಾಯಿಸುತ್ತದೆ, ಒಪ್ಪುತ್ತೇನೆ. ಹಸಿರು ಎಲೆಗೆ ಬಿದ್ದು, ಒಳಗೆ ಇಳಿದು, ಬೇರಿಗೆ ಹೋಗುತ್ತದೆ. ಅದೇ ಕಾರಣಕ್ಕೆ ಎಳೆ ಸಸಿಗೆ ಅಪಾಯ. ಸಸಿಯ ಎಲೆಗೋ ಹಸಿರು ತೊಗಟೆಗೋ ಗಾಳಿಯಲ್ಲಿ ತೇಲಿಬಂದ ಹನಿ ಬಿದ್ದರೂ ಅದೇ ಗತಿ. ಮೇಲಾಗಿ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಇದನ್ನು ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಹೊಡೆಯಬೇಕು ಅಂತ ಆದೇಶ ಹೊರಡಿಸಿತು. ನಿಮ್ಮ ಹತ್ತಿರ ಇದೆಯಾ ಅಂತ ಕೇಳಿದೆ. ಮೇಸ್ತ್ರಿ ನಕ್ಕು ಮಾತು ಬದಲಾಯಿಸಿದ. ಅಲ್ಲಿಗೆ ಬಿಟ್ಟೆವು.

ಮಷೀನಿಗೆ ಎರಡೂವರೆ ಸ್ಟಾರಾದರೂ ಯಾಕೆ ಕೊಟ್ಟೆ ಅಂದರೆ ಬೆಂಕಿ ಗೆರೆಗೆ. ಜನವರಿಯಲ್ಲಿ ಒಣ ಹುಲ್ಲು ನಿಂತಿರುವಾಗ, ರಸ್ತೆ ಬದಿಯಲ್ಲಿ ಯಾರೋ ಬೀಡಿ ಎಸೆದರೂ ಸಾಕು, ತೋಪು ಬೂದಿ. ಬೇಲಿಯ ಗುಂಟ ಹತ್ತಡಿ ಅಗಲಕ್ಕೆ ಹುಲ್ಲು ಹೊಡೆದು, ಗುಡಿಸಿ, ಬರಿ ಮಣ್ಣು ಕಾಣುವ ಹಾಗೆ ಮಾಡಿಕೊಟ್ಟರು. ಈ ಕೆಲಸಕ್ಕೆ ಮಷೀನೇ ಸರಿ. ಅರ್ಧ ದಿನದಲ್ಲಿ ಮುಗಿಯಿತು, ಅಚ್ಚುಕಟ್ಟಾಗಿತ್ತು.

ಸಾಲುಗಳ ನಡುವಿನ ಹುಲ್ಲು ನೋಡಿ ಊರಿನವರು ಆಡಿಕೊಳ್ಳುತ್ತಾರೆ ಅನ್ನುವ ಚಿಂತೆ ಇದ್ದರೆ ಅಲ್ಲಿ ಹುರುಳಿ ಚೆಲ್ಲಿ. ಈ ವರ್ಷ ನಾವು ಅದನ್ನೇ ಮಾಡಿದ್ದೇವೆ. ಮಣ್ಣು ಮುಚ್ಚುತ್ತದೆ, ಕಳೆಗೆ ಜಾಗ ಕಮ್ಮಿ, ಸಾರಿಗೆ ಕಾಳೂ ಬಂತು. ಪಾತಿಯೊಳಗೆ ಬಳ್ಳಿ ನುಗ್ಗದ ಹಾಗೆ ನೋಡಿಕೊಂಡರೆ ಆಯಿತು. ಮೈದುನನ ಮರ್ಯಾದೆಯೂ ಉಳಿಯಿತು.

ಚಿಲ್ಲರೆ ವಿಷಯಗಳು: ಊಟ ಅವರೇ ತರುತ್ತಾರೆ, ಕುಡಿಯುವ ನೀರು, ಮಧ್ಯಾಹ್ನದ ಟೀ ನಮ್ಮದು. ಪೆಟ್ರೋಲ್ ರೇಟಿನೊಳಗೇ ಸೇರಿದೆ, ಆದರೆ ಬೇಲಿ ಕೆಲಸಕ್ಕೆ ಮತ್ತೆ ಕೇಳಿದರು, ಕೊಡಲಿಲ್ಲ. ದುಡ್ಡು ಫೋನ್‌ಪೇಯಲ್ಲಿ ಆಗುತ್ತದೆ. ಹೆಂಗಸರಿಗೆ ಅವತ್ತಿನ ಕೂಲಿ ಅವತ್ತೇ ಸಂಜೆ ಮೇಸ್ತ್ರಿ ಕೊಡುತ್ತಿದ್ದುದನ್ನು ನೋಡಿದ್ದೇನೆ. ಬೀಡಿ ಸೇದುವ ಹುಡುಗನಿಗೆ ತೋಪಿನೊಳಗೆ ಬೇಡ ಅಂತ ಒಂದೇ ಸಲ ಹೇಳಿದ್ದು, ಆಮೇಲೆ ಸೇದಲಿಲ್ಲ.

ಈ ವರ್ಷವೂ ಅವರಿಗೇ ಕೊಟ್ಟಿದ್ದೇನೆ, ಒಪ್ಪಂದ ಬದಲಾಯಿಸಿಕೊಂಡು. ಎರಡೂ ಎಕರೆ ಗಿಡದ ಲೆಕ್ಕ. ಪ್ರತಿ ಸರದಿಯ ಕೊನೆಗೆ ನಾನೂ ಮೇಸ್ತ್ರಿಯೂ ಸಾಲಿನ ಉದ್ದಕ್ಕೂ ನಡೆದು ಬದುಕಿರುವ ಗಿಡ ಎಣಿಸುತ್ತೇವೆ, ಎಣಿಸಿದ್ದಕ್ಕೆ ಮಾತ್ರ ದುಡ್ಡು. ಚಿತ್ತೆ ಮಳೆಯ ಸರದಿಗೆ ಗಿಡಕ್ಕೆ 15 ರೂಪಾಯಿ, ಸ್ವಾತಿ ಮಳೆ ದಾಟಿ ಬಂದರೆ 8. ಮೇಸ್ತ್ರಿ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಒಪ್ಪಿದ. ಹಳೆ ಅಜ್ಜಿಯೇ ಗುಂಪಿನ ಮುಂದೆ ಇರಬೇಕು ಅಂತಲೂ ಬರೆಸಿದ್ದೇನೆ.

ಅವರನ್ನು ಕರೆಸುವುದಾದರೆ ಏಪ್ರಿಲ್‌ನಲ್ಲೇ ಮಾತಾಡಿಕೊಳ್ಳಿ, ಮೇ ಮಳೆ ಬಿದ್ದ ಮೇಲೆ ಸಿಗುವುದಿಲ್ಲ. ಫೋನನ್ನು ರಾತ್ರಿ ಎಂಟರ ಮೇಲೆ ಮಾಡಿ. ಹಗಲು ಮಷೀನ್ ಸದ್ದಿಗೆ ಅವರಿಗೆ ಕೇಳಿಸುವುದಿಲ್ಲ.